ಹನ್ನೊಂದು ಅಂಕಣದ ಬಿಲ್ಲು

ಹುಮನಾಬಾದಿನ ಮಾವನ ಮನೆಯಿಂದ ಬರುವ ಯಾವ ವಸ್ತುವನ್ನೂ ಪರೀಕ್ಷೆ ಮಾಡದೆ ಹೊಸ್ತಿಲು ದಾಟಿಸಬಾರದು ಎಂಬುದು ದತ್ತಾತ್ರಿ ಮಾಸ್ತರರು ಹನ್ನೊಂದು ವರ್ಷದ ಸಂಸಾರದಲ್ಲಿ ಸ್ವಂತ ಅನುಭವದಿಂದ ಕಂಡುಕೊಂಡ ನಿಯಮ. ಉಪ್ಪಿನಕಾಯಿಯ ಭರಣಿ ಬಂದರೆ ಮುಚ್ಚಳದ ಕೆಳಗೆ ಒಂದು ಉಪದೇಶ ಇರುತ್ತಿತ್ತು. ಹಬ್ಬಕ್ಕೆ ಧೋತರ ಬಂದರೆ ಅದರ ಮಡಿಕೆಯಲ್ಲಿ ಒಂದು ಚುಚ್ಚುಮಾತು. (ಹೆಂಡತಿಯೂ ಅಲ್ಲಿಂದಲೇ ಬಂದವಳು. ಆದರೆ ಆಗ ಈ ನಿಯಮ ಅವರಿಗೆ ಇನ್ನೂ ಹೊಳೆದಿರಲಿಲ್ಲ.)

೧೯೪೯ರ ದಸರೆಗೆ ಒಂದೂವರೆ ತಿಂಗಳಿರುವಾಗ ಬಂದದ್ದು ಒಂದು ಕಾಗದ. ಬರೆದವರು ಮಾವ ಮಚ್ಚೇಂದ್ರಪ್ಪನವರು, ಹುಮನಾಬಾದಿನ ಒಂದು ಗರಡಿಮನೆಯ ಹಿರಿಯರು. ಆ ಗರಡಿಯ ಅಂಗಳದಲ್ಲಿ ಪ್ರತಿ ದಸರೆಗೆ ಒಂದು ಕುಂಬಳಕಾಯಿ ತೂಗುಹಾಕುತ್ತಿದ್ದರು; ಬಿಲ್ಲುವಿದ್ಯೆಗೆ ಹೊಸದಾಗಿ ಸೇರುವ ಹುಡುಗರು ಹನ್ನೆರಡು ಹೆಜ್ಜೆ ದೂರದಿಂದ ಅದಕ್ಕೆ ಮೂರು ಬಾಣ ಬಿಡುತ್ತಿದ್ದರು. ಒಂದಾದರೂ ನಾಟಿದರೆ ಗರಡಿಗೆ ಪ್ರವೇಶ. ಬೇಸಿಗೆ ರಜೆಯಲ್ಲಿ ಇದನ್ನೆಲ್ಲ ಕೇಳಿಕೊಂಡ ಮೊಮ್ಮಗಳು ಯಶೋದಾ, ಒಂಬತ್ತು ವರ್ಷದವಳು, “ನಾನೂ ಹೊಡೀತೀನಿ” ಎಂದಿದ್ದಳು. ಅಜ್ಜ ನಕ್ಕಿದ್ದರು. ಅವಳು ಊಟ ಬಿಟ್ಟಿದ್ದಳು. ಅಜ್ಜ ಒಂದೂವರೆ ದಿನ ತಡೆದು ನೋಡಿ, ಕೊನೆಗೆ ಹೋಳಿಗೆಯ ತಟ್ಟೆ ಹಿಡಿದುಕೊಂಡು ಸಂಧಾನಕ್ಕೆ ಬಂದಿದ್ದರು.

ಸಂಧಾನದ ಕರಾರು ಈಗ ಕಾಗದದಲ್ಲಿತ್ತು. ಹುಡುಗಿಗೂ ಮೂರೇ ಬಾಣ. ಒಂದು ನಾಟಿದರೆ ರಜೆ ರಜೆಗೂ ಗರಡಿಗೆ ಬಂದು ಕಲಿಯಬಹುದು. ಮೂರೂ ತಪ್ಪಿದರೆ ಅವಳಷ್ಟೇ ಅಲ್ಲ, ಇನ್ನು ಮುಂದೆ ಯಾವ ಹೆಣ್ಣುಮಗುವಿನ ಹೆಸರನ್ನೂ ಅಲ್ಲಿ ಎತ್ತಬಾರದು. ಮತ್ತೆ, ಗರಡಿಯ ಪದ್ಧತಿಯಂತೆ ಮಗುವಿನ ಮೊದಲ ಬಿಲ್ಲನ್ನು ತಂದೆಯೇ ಆರಿಸಿ ಕೊಡಬೇಕು. “ಆದರೆ ಅಳಿಯಂದಿರು ಪುಸ್ತಕದ ಮನುಷ್ಯರು. ಅವರು ಕಂಡ ಬಿಲ್ಲು ಅಂದರೆ ಹತ್ತಿ ಹಿಂಜುವ ಪಿಂಜಾರರದ್ದು ಮಾತ್ರ. ಆದಕಾರಣ ನಮ್ಮ ಮಗ ಅಂಬಾದಾಸನ ಹಳೆಯ ಬಿಲ್ಲನ್ನು ಕಳಿಸುತ್ತೇವೆ. ಅದನ್ನೇ ನೀವು ಆರಿಸಿದ್ದು ಎಂದು ತಿಳಿಯತಕ್ಕದ್ದು.”

ದತ್ತಾತ್ರಿ ಮಾಸ್ತರರು ಕಾಗದವನ್ನು ಎರಡು ಸಲ ಓದಿದರು. ಮೂಗಿನ ತುದಿ ಕೆಂಪಾಯಿತು.

“ಮುಕ್ತಾ! ನಿಮ್ಮಪ್ಪಗ ತಿರುಗಿ ಕಾಗದ ಬರೀತೀನಿ. ಬಿಲ್ಲು ಕಳಿಸೂದು ಬ್ಯಾಡ. ಈ ಮನಿ ಪೋರಿಗಿ ಬಿಲ್ಲು ಈ ಮನಿಯಾಗ ಆರಿಸ್ತೀವಿ.”

ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಹೆಂಡತಿ ಮುಕ್ತಾಬಾಯಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. “ಆರಿಸ್ರಿ. ಯಾರು ಬ್ಯಾಡಂದ್ರು? ಹೋದ ವರ್ಷ ಛತ್ರಿ ಆರ್ಸಾಕ ಹೋಗಿದ್ರಿ. ನೀವು ಆರಿಸಿ ತರೂದ್ರಾಗ ಮಳಿಗಾಲ ಮುಗಿದಿತ್ತು.”

“ಛತ್ರಿಯ ಕಡ್ಡಿಗಳ ಕೋನ ಸಮ ಇರಲಿಲ್ಲ.”

“ನಾವೆಲ್ಲಾ ಸಮಾ ತೊಯ್ಸಿಕೊಂಡ್ವಿ ಬಿಡ್ರಿ.”

ದತ್ತಾತ್ರಿ ಮಾಸ್ತರರು ಹೈದರಾಬಾದಿನಲ್ಲಿ ಓದಿ ಬಿ.ಎಸ್ಸಿ. ಪಾಸಾದವರು, ಕಲ್ಯಾಣಿಯ ಮಾಧ್ಯಮಿಕ ಶಾಲೆಯಲ್ಲಿ ವಿಜ್ಞಾನ ಮತ್ತು ಗಣಿತ ಕಲಿಸುತ್ತಿದ್ದರು. (ಬಸವಕಲ್ಯಾಣವನ್ನು ಆಗ ಎಲ್ಲರೂ ಕಲ್ಯಾಣಿ ಎಂದೇ ಕರೆಯುತ್ತಿದ್ದರು.) ಅಳೆಯಲು ಬರುವುದನ್ನೆಲ್ಲ ಅಳೆಯಬೇಕು, ಅಳೆಯಲು ಬಾರದ್ದನ್ನು ಎರಡು ಸಲ ಅಳೆಯಬೇಕು ಎಂಬುದು ಅವರ ಧರ್ಮ. ಮನೆಯ ಕಾನೂನುಗಳೂ ಆ ಧರ್ಮಕ್ಕೆ ತಕ್ಕಂತೆ ಇದ್ದವು. ಅವುಗಳಲ್ಲಿ ಅತಿ ಕಠಿಣವಾದದ್ದು ಎಡಗೈ ಕಾನೂನು.

ಯಶೋದಾ ಹುಟ್ಟಾ ಎಡಚಿ. ಬಳಪ, ಚಮಚ, ಬುಗುರಿ ಎಲ್ಲವೂ ಅವಳಿಗೆ ಎಡಗೈಗೇ ಬರುತ್ತಿದ್ದವು. ಮಾಸ್ತರರು ಇದರ ಮೂಲ ಶೋಧಿಸಿ, ಮುಕ್ತಾಬಾಯಿಯ ಸೋದರತ್ತೆಯೊಬ್ಬಳು ಎಡಗೈಯಿಂದ ಹಿಟ್ಟು ನಾದುತ್ತಿದ್ದಳೆಂಬ ಸಾಕ್ಷ್ಯ ಸಂಪಾದಿಸಿ, ಇದು ಹುಮನಾಬಾದಿನ ರಕ್ತದಿಂದ ಬಂದ ದೋಷ ಎಂದು ತೀರ್ಪು ಕೊಟ್ಟು, ಮಾವನಿಗೂ ಆಗಾಗ ಹಾಗೆಂದು ಕಾಗದ ಬರೆಯುತ್ತಿದ್ದರು. ಎಡಗೈ ಕೆಲಸ ಮಾಡಿದ್ದು ಕಂಡರೆ ಶಿಕ್ಷೆ: “ನಾನು ಬಲಗೈಯಿಂದಲೇ ಬರೆಯುತ್ತೇನೆ” ಎಂದು ಒಂದು ಪುಟ. ಹೊಡೆತವಿಲ್ಲ, ಬೈಗುಳವಿಲ್ಲ, ಮಾಸ್ತರರು ಮಕ್ಕಳ ಮೈಮುಟ್ಟುವವರಲ್ಲ. ಆದರೆ ಆ ಪುಟದಿಂದ ಪಾರಾಗುವುದೂ ಇರಲಿಲ್ಲ. ಅಪ್ಪ ಮನೆಯಲ್ಲಿದ್ದಾಗ ಯಶೋದಾ ಬಲಗೈಯವಳಾದಳು. ಅಪ್ಪ ಶಾಲೆಗೆ ಹೋದ ಮೇಲೆ ಏನಾದಳು ಎಂಬುದು ಅಳತೆಗೆ ಸಿಕ್ಕಿರಲಿಲ್ಲ. ಮಾಸ್ತರರ ಸ್ವಂತ ಎಡಗೈಯಂತೂ ಶಿಸ್ತಿನ ಮಾದರಿ. ಅದು ಯಾವಾಗಲೂ ಕೋಟಿನ ಜೇಬಿನಲ್ಲಿ ಇರುತ್ತಿತ್ತು.

ಬಿಲ್ಲಿನ ಶೋಧನೆ ಮರುದಿನವೇ ಆರಂಭವಾಯಿತು. ಮಾಸ್ತರರು ದೊಡ್ಡ ಹಾಳೆಯಲ್ಲಿ ಗೆರೆ ಹಾಕಿ ಹತ್ತು ಅಂಕಣ ಮಾಡಿದರು. ಮಗಳನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿದರು: ಎತ್ತರ ನಾಲ್ವತ್ತೆಂಟು ಇಂಚು. ಎರಡೂ ಕೈ ಚಾಚಿಸಿದರು: ನಾಲ್ವತ್ತೇಳೂವರೆ. ಅದನ್ನು ಎರಡೂವರೆಯಿಂದ ಭಾಗಿಸಿ, ಹೆದೆಯನ್ನು ಅವಳು ಹತ್ತೊಂಬತ್ತು ಇಂಚು ಹಿಂದಕ್ಕೆ ಎಳೆಯಬೇಕು ಎಂದು ನಿರ್ಧರಿಸಿದರು. ಶಾಲೆಯಿಂದ ರಸೀದಿ ಬರೆದುಕೊಟ್ಟು ಸ್ಪ್ರಿಂಗ್ ತ್ರಾಸು ತಂದು ಕಂಬದ ಮೊಳೆಗೆ ಸಿಕ್ಕಿಸಿದರು.

“ಮೂರು ಬೆರಳಿಂದ ಎಳಿ. ಹತ್ತು ಎಣಿಸೂ ತನಕ ಬಿಡಬ್ಯಾಡ.”

ಯಶೋದಾ ಒಮ್ಮೆ ಅವ್ವನ ಮುಖ ನೋಡಿ, ಬಲಗೈಯಿಂದ ಎಳೆದಳು. ತ್ರಾಸಿನ ಮುಳ್ಳು ಆರು ಸೇರಿಗೆ ಬಂದು ನಡುಗುತ್ತ ನಿಂತಿತು.

“ರೀ, ನಾ ಒಂದು ಮಾತು ಹೇಳ್ಲೇನು?” ಎಂದಳು ಮುಕ್ತಾಬಾಯಿ. “ಕೈದ ವಿಷಯ—”

“ಅಳತಿ ನಡದಾಗ ಮಾತಾಡಬಾರದು. ಮುಳ್ಳು ಅಲ್ಲಾಡತದ.”

“ನನ್ನ ಮಾತಿಗಿ ಮುಳ್ಳು ಅಲ್ಲಾಡತದ, ನೀವು ಅಲ್ಲಾಡಂಗಿಲ್ಲ.”

ತಾಳುವ ಭಾರದ ಮೂರರಲ್ಲಿ ಎರಡು ಪಾಲು, ಅಂದರೆ ನಾಲ್ಕು ಸೇರಿನ ಬಿಲ್ಲು. ಇಷ್ಟು ಗೊತ್ತಾದ ಮೇಲೆ ಅದನ್ನು ಹುಡುಕುವುದಷ್ಟೇ ಬಾಕಿ. ಹತ್ತು ದಿನದಲ್ಲಿ ಪಡಸಾಲೆಯ ತೊಲೆಗೆ ಏಳು ಬಿಲ್ಲು ಜೋತುಬಿದ್ದವು. ಪ್ರತಿಯೊಂದರ ಹೆದೆಗೂ ಬುಟ್ಟಿ ಕಟ್ಟಿ, ಬುಟ್ಟಿಗೆ ತೂಕದ ಕಲ್ಲು ಹಾಕಿ, ಹತ್ತೊಂಬತ್ತು ಇಂಚು ಇಳಿಯಲು ಎಷ್ಟು ಸೇರು ಬೇಕೆಂದು ಬರೆದರು. ಮೊದಲನೆಯದು ಎರಡೇ ಸೇರಿಗೆ ಮುರಿಯಿತು. ಮೂರನೆಯದು ಮುರಿಯಲಿಲ್ಲ, ಆದರೆ ಬುಟ್ಟಿ ಹರಿದು ಕಲ್ಲುಗಳು ಮುಕ್ತಾಬಾಯಿಯ ಶಾವಿಗೆಯ ಮೇಲೆ ಬಿದ್ದವು. ಐದನೆಯದನ್ನು ಯಾರೋ ಕೋಟೆಯ ಕಾಲದ್ದೆಂದು ಹೇಳಿ ಕೊಟ್ಟಿದ್ದರು. ಅದು ಯಾವ ತೂಕಕ್ಕೂ ಬಗ್ಗಲಿಲ್ಲ, ಏಕೆಂದರೆ ಅದು ತೊಟ್ಟಿಲ ಕಮಾನು.

“ಮನಿಗಿ ಬಂದೋರು ಇದು ಮನಿಯೋ ಲಂಕಾನೋ ಅಂತ ಕೇಳಾಕತ್ತಾರ” ಎಂದಳು ಮುಕ್ತಾಬಾಯಿ. “ನಾ ಕೈದ ವಿಷಯ—”

“ಶಾವಿಗಿ ಮತ್ತ ಮಾಡಿದ್ರಾತು. ಕೈ ಏನ್ ಸವೀತದೇನು?”

ಮುಕ್ತಾಬಾಯಿ ಆಮೇಲೆ ಆ ವಿಷಯ ಎತ್ತಲಿಲ್ಲ. ಆದರೆ ಅವಳು ಸುಮ್ಮನಾದಾಗಲೇ ಹೆಚ್ಚು ಎಚ್ಚರವಾಗಿರಬೇಕೆಂಬ ನಿಯಮವನ್ನು ಮಾಸ್ತರರು ಇನ್ನೂ ಕಂಡುಹಿಡಿದಿರಲಿಲ್ಲ.

ಕೊನೆಗೆ, ಒಂದು ತಿಂಗಳು ಕಳೆದ ಮೇಲೆ, ಬಿದಿರಿನ ಕೆಲಸದ ಮೇದಾರ ಮಾರುತಿ ಒಂದು ಬಿಲ್ಲು ಸೀಳಿ ಕೊಟ್ಟ. ಬುಟ್ಟಿಪರೀಕ್ಷೆಯಲ್ಲಿ ಅದು ನಾಲ್ಕು ಸೇರಿಗೆ ಸರಿಯಾಗಿ ಹತ್ತೊಂಬತ್ತು ಇಂಚು ಇಳಿದಾಗ ಮಾಸ್ತರರ ಕಣ್ಣು ಒದ್ದೆಯಾದವು. ಬಾಣ ಜಾರದಂತೆ ಅದನ್ನು ಕೂಡಿಸಲು ಬಿಲ್ಲಿನ ಎಡ ಮಗ್ಗುಲಿಗೆ ಒಂದು ಪುಟ್ಟ ಬಿದಿರಿನ ಗೂಟ ಬಿಗಿಸಲು ಹೇಳಿದರು. ಬಲಗೈಯಿಂದ ಎಳೆಯುವವರಿಗೆ ಬಾಣ ಎಡಕ್ಕೇ ಇರಬೇಕಲ್ಲ.

“ಗೂಟ ನಡುವಿಂದ ಒಂದು ಬೆರಳು ಮ್ಯಾಲ ಇರಲಿ ಸಾಹೇಬ್ರ” ಎಂದ ಮಾರುತಿ.

“ಯಾಕ ಮ್ಯಾಲ? ನಟ್ಟನಡುವ ಹಾಕು. ಕೂದಲೆಳಿ ಆಚಿಗಿಲ್ಲ, ಈಚಿಗಿಲ್ಲ.” ಎರಡೂ ತುದಿಯಿಂದ ಅಳೆದು ಪೆನ್ಸಿಲಿನಿಂದ ಗುರುತು ಹಾಕಿಕೊಟ್ಟರು. ಯಾರೂ ತಲೆಕೆಳಗು ಹಿಡಿಯಬಾರದೆಂದು ಒಂದು ತುದಿಗೆ ಕೆಂಪು ಬಣ್ಣದಲ್ಲಿ “ಮೇಲೆ” ಎಂದೂ ಇನ್ನೊಂದಕ್ಕೆ “ಕೆಳಗೆ” ಎಂದೂ ದುಂಡಾಗಿ ಬರೆದರು.

ಹೆದೆಗಾಗಿ ಅವರು ಹೋದದ್ದು ಪಿಂಜಾರ ಪೀರ್ ಪಾಷಾನ ಹತ್ತಿರ. ಮಾವ ಹಂಗಿಸಿದ್ದು ಪಿಂಜಾರನ ಬಿಲ್ಲನ್ನು ತಾನೇ? ಹಾಗಾದರೆ ಹುಮನಾಬಾದಿನ ಕುಂಬಳಕಾಯಿ ಪಿಂಜಾರನ ತಂತಿಯಿಂದಲೇ ಒಡೆಯಬೇಕು! ಪೀರ್ ಪಾಷಾ ಅಂಗಳದಲ್ಲಿ ಆಳೆತ್ತರದ ಕಮಾನನ್ನು ಸೂರಿಗೆ ತೂಗುಬಿಟ್ಟು, ಮರದ ಹಿಡಿಯಿಂದ ಅದರ ನರದ ತಂತಿಯನ್ನು ಮೀಟುತ್ತ, ಯಾರದೋ ಹಳೆಯ ಗಾದಿಯ ಹತ್ತಿಯನ್ನು ಮೋಡವಾಗಿಸುತ್ತಿದ್ದ. ಹುಬ್ಬು, ಗಡ್ಡ ಎಲ್ಲ ಹತ್ತಿ.

“ಯಶೋದಾ ಬೇಟಿಗಿ ಅಂದ್ರ ತಂತಿ ಪುಕ್ಕಟೆ” ಎಂದ. “ಹೋದ ವರ್ಷ ಪೊಲೀಸ್ ಆಕ್ಷನ್ ಗದ್ದಲ ಆತಲ್ರಿ ಮಾಸ್ತರ, ಆಗ ತಪಾಸಣಿ ನಾಕಾದಾಗ ಸಿಪಾಯಿ ನನ್ನ ಕಮಾನು ಹಥಿಯಾರ ಅಂತ ಹಿಡಕೊಂಡು ಕುಂತ. ಏನ್ ಹೇಳಿದ್ರೂ ಕೇಳ್ಳಿಲ್ಲ. ಅವನ ತಲಿದಿಂಬು ಇಸಕೊಂಡು ಅಲ್ಲೇ ಹಿಂಜಿ ಕೊಟ್ಟೆ. ರಾತ್ರಿ ಮಲಗಿ ನೋಡಿದ, ಮುಂಜಾನಿ ಕಮಾನು ಕೊಟ್ಟ.” ನಕ್ಕ. ಮಾಸ್ತರರೂ ನಕ್ಕರು.

ಹೊಸ ಬಿಲ್ಲಿಗೆ ತಂತಿ ಬಿಗಿದು, ಬೆರಳಿಂದ ಮೀಟಿ ಕಿವಿಗೊಟ್ಟು, ಪೀರ್ ಪಾಷಾ ಕೇಳಿದ: “ಪೋರಿ ಯಾವ ಕೈಲೆ ಎಳೀತದ್ರಿ?”

“ಎಲ್ಲಾರೂ ಎಳಿಯೂ ಕೈಲೆ!” ಎಂದರು ಮಾಸ್ತರರು.

ಪೀರ್ ಪಾಷಾ ತನ್ನ ಹೆಂಡತಿ ಹಜಿರಾ ಬೀಯ ಕಡೆ ನೋಡಿದ. ಹಜಿರಾ ಬೀ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಅವಳ ಮನೆಯ ಮಾಳಿಗೆ ಮಾಸ್ತರರ ಮನೆಯ ಮಾಳಿಗೆಗೆ ಅಂಟಿಕೊಂಡೇ ಇತ್ತು.

ಅಭ್ಯಾಸಕ್ಕೆ ಒಂದು ವಾರ ಉಳಿದಿತ್ತು. ದಿನಾ ಸಂಜೆ ಮಾಸ್ತರರ ಸಮ್ಮುಖದಲ್ಲಿ, ಬಲಗೈಯಿಂದ, ಹಿತ್ತಲ ಗೋಡೆಗೆ ಒರಗಿಸಿದ ಹೊಸ ಮೊರಕ್ಕೆ ಮೂವತ್ತು ಬಾಣ. ಮೊದಲ ದಿನ ಎರಡು ಬಾಣ ಗೋಡೆಗೆ ತಾಗಿದವು, ಒಂದು ಹಜಿರಾ ಬೀ ಒಣಹಾಕಿದ ರಜಾಯಿಗೆ ನಾಟಿತು, ಉಳಿದವು ಊರಿಗೆ ಹೋದವು. ಮಾಸ್ತರರು ಚಿಂತಿಸಿ, ಹಾಳೆಯಲ್ಲಿ ಹನ್ನೊಂದನೆಯ ಅಂಕಣ ಗೆರೆ ಎಳೆದು, ಮೇಲೆ “ಗಾಳಿ” ಎಂದು ಬರೆದರು.

ನಾಲ್ಕನೆಯ ದಿನ ಮಾಳಿಗೆಯ ಮೂಲೆಯಲ್ಲಿ ಅವರಿಗೆ ಒಂದು ಹಳೆಯ ಮೊರ ಸಿಕ್ಕಿತು. ಅದರ ನಟ್ಟನಡುವೆ, ಅಂಗೈಯಗಲದಲ್ಲಿ, ಇಪ್ಪತ್ತೊಂದು ತೂತು.

“ಇದೇನು?”

“ಇಲಿ” ಎಂದಳು ಮುಕ್ತಾಬಾಯಿ.

“ಇಲಿ ಇಷ್ಟು ದುಂಡಗ ಕೊರೆಯಂಗಿಲ್ಲ.”

“ಮಾಸ್ತರ ಮನಿ ಇಲಿ, ಅಳತಿ ಮಾಡಿ ಕೊರೀತದ.”

ಯಶೋದಾ ಬಾಗಿಲ ಮರೆಯಿಂದ ಅಪ್ಪನನ್ನೇ ನೋಡುತ್ತಿದ್ದಳು. ಮಾಸ್ತರರು ಒಂದು ತೂತಿನ ಅಡ್ಡಳತೆ ತೆಗೆದುಕೊಂಡು, ಇಲಿಬೋನು ತರಬೇಕು ಎಂದು ಬರೆದಿಟ್ಟುಕೊಂಡರು.

ದಸರೆಯ ದಿನ ಮುಂಜಾನೆ ಮೂವರೂ ಬಸ್ಸು ಹತ್ತಿದರು. ನಡುವೆ ತಪಾಸಣೆಯ ನಾಕಾದಲ್ಲಿ ಪೊಲೀಸ್ ಜವಾನನೊಬ್ಬ ಹತ್ತಿ, ಯಶೋದಾಳ ತೊಡೆಯ ಮೇಲಿನ ಬಿಲ್ಲು ನೋಡಿ, ಇದೇನೆಂದು ಗದರಿಸಿದ. ದತ್ತಾತ್ರಿ ಮಾಸ್ತರರು ಎದೆಯುಬ್ಬಿಸಿ ಎದ್ದು ನಿಂತು ಹಾಳೆ ಬಿಚ್ಚಿ, ಮೊದಲನೆಯ ಅಂಕಣದಿಂದ ವಿವರಿಸಲು ಆರಂಭಿಸಿದರು. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಜವಾನ ಕೆಳಗಿಳಿದು ತಾನೇ ಬಿದಿರಿನ ಅಡ್ಡಗೋಲು ಎತ್ತಿದ.

ಹುಮನಾಬಾದಿನ ಗರಡಿಯ ಅಂಗಳದಲ್ಲಿ ಕುಂಬಳಕಾಯಿ ತೂಗುತ್ತಿತ್ತು. ಐದು ಜನ ಹೊಸ ಹುಡುಗರು ಬಿಟ್ಟದ್ದಾಗಿತ್ತು, ಮೂವರದು ನಾಟಿತ್ತು. ಮಚ್ಚೇಂದ್ರಪ್ಪನವರು ಕಟ್ಟೆಯ ಮೇಲೆ ಬಿಳಿ ರುಮಾಲು ಸುತ್ತಿ ಕುಳಿತಿದ್ದರು.

“ಬರ್ರಿ ಅಳಿಯಂದ್ರ. ಬಿಲ್ಲು ಆರಿಸಿದ್ರಿ?”

“ಆರಿಸೀನಿ. ತಂತಿ ಪಿಂಜಾರ ಪೀರ್ ಪಾಷಾಂದು” ಎಂದರು ಮಾಸ್ತರರು, ಎಲ್ಲರಿಗೂ ಕೇಳುವಂತೆ.

“ಹಂಗಾದ್ರ ಕುಂಬಳಕಾಯಿ ಒಡಿಯದಿದ್ರೂ ಹಿಂಜಿಯಾದ್ರೂ ಹಾಕತದ.” ಅಂಗಳವೆಲ್ಲ ನಕ್ಕಿತು.

ಯಶೋದಾ ಗೆರೆಯ ಮೇಲೆ ನಿಂತಳು. ನಗು ಅವಳ ಕಿವಿಗೆ ಬಿದ್ದಿತ್ತು. ಗದ್ದ ಮುಂದೆ ಬಂದಿತ್ತು. ಮೊದಲ ಬಾಣ ಕುಂಬಳಕಾಯಿಯ ಮೇಲಿಂದ ಹಾರಿ ಬೇವಿನಗಿಡಕ್ಕೆ ಹೋಯಿತು. ಎರಡನೆಯದು ನಾಲ್ಕು ಹೆಜ್ಜೆ ಮುಂದೆ ಮಣ್ಣಿಗೆ ಚುಚ್ಚಿಕೊಂಡಿತು. ಮಾಸ್ತರರು ಬೆರಳು ಒದ್ದೆ ಮಾಡಿ ಎತ್ತಿ ಹಿಡಿದರು. ಗಾಳಿ ಇರಲಿಲ್ಲ.

“ಸಾಕು ಬಿಡವ್ವ” ಎಂದರು ಅಜ್ಜ. ದನಿಯಲ್ಲಿ ಕರುಣೆ ಇತ್ತು. ಅದೇ ಹೆಚ್ಚು ಚುಚ್ಚಿತು. “ಹೋಳಿಗಿ ಆಗ್ಯಾವ. ಉಣ್ಣಾಕ ನಡಿ.”

“ಇನ್ನೊಂದದ” ಎಂದಳು ಯಶೋದಾ.

“ಇನ್ನೊಂದದ!” ಎಂದರು ಮಾಸ್ತರರು. “ಮೂರು ಅಂದ್ರ ಮೂರು. ನನ್ನ ಲೆಕ್ಕದಾಗ ತಪ್ಪಿಲ್ಲ ಮಾವನೋರ.”

“ಲೆಕ್ಕದಾಗ ತಪ್ಪಿಲ್ಲಂದ್ರ ಪೋರಿದಾಗ ತಪ್ಪದ ಅಂದಂಗಾತು.”

“ಪೋರಿದಾಗೂ ತಪ್ಪಿಲ್ಲ!” ಮಾಸ್ತರರ ದನಿ ಒಡೆಯಿತು. ಅವರು ಇಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಹುಮನಾಬಾದು ಕೇಳಿರಲಿಲ್ಲ. “ಆಕಿ ದಿನಾ ಮೂವತ್ತು ಬಾಣ ಬಿಟ್ಟಾಳ. ಬೆರಳು ಹರದಾವ. ಒಂದಿನ ಬ್ಯಾಡಂದಿಲ್ಲ. ಎಲ್ಲೋ ಒಂದು ಕಡಿ ತಪ್ಪದ, ಅದು ಆಕೀದಲ್ಲ.”

ಹೆಂಗಸರ ಸಾಲಿನಿಂದ ಮುಕ್ತಾಬಾಯಿ ಸೆರಗು ಬಿಗಿದುಕೊಂಡು ನಡುವೆ ಬಂದಳು. “ಹೌದು, ಆಕೀದಲ್ಲ. ಯಶೂ, ಎಡಗೈಲೆ ಎಳಿ.”

ಮಾಸ್ತರರಿಗೆ ಹಳೆಯ ಮೊರ, ಇಪ್ಪತ್ತೊಂದು ತೂತು, ಹಜಿರಾ ಬೀಯ ಸೆರಗು ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂದವು. ಆದರೆ ಸೋಲುವುದು ಅವರ ಅಂಕಣಗಳಲ್ಲಿ ಇರಲಿಲ್ಲ.

“ಆಗಂಗಿಲ್ಲ! ಎಡಗೈಲೆ ಆಗಾಕ ಸಾಧ್ಯೇ ಇಲ್ಲ. ಗೂಟ ಎಡಕ್ಕದ. ಎಡಗೈಲೆ ಎಳದ್ರ ಬಾಣ ಕೂಡೂದೇ ಇಲ್ಲ. ಶಾಸ್ತ್ರದ ಮಾತದು. ತಾ ಇಲ್ಲಿ, ತೋರಿಸ್ತೀನಿ!”

ಸಿಟ್ಟಿನಲ್ಲಿ ಮಗಳ ಕೈಯಿಂದ ಬಿಲ್ಲು ಕಸಿದುಕೊಂಡರು. ಜೇಬಿನಿಂದ ಎಡಗೈ ಹೊರಗೆ ಬಂತು. ಬಿಲ್ಲು ಅವರ ಬಲಗೈಯಲ್ಲಿ ತಾನೇ ಅರ್ಧ ಸುತ್ತು ತಿರುಗಿ ನಿಂತಿತು. ಗೂಟದ ಮೇಲೆ ಬಾಣ ಬಂದು ಕುಳಿತಿತು. ಎಡಗೈಯ ಮೂರು ಬೆರಳು ಹೆದೆಯನ್ನು ನುಣ್ಣಗೆ, ಒಂದಿಷ್ಟೂ ನಡುಗದೆ, ಕಿವಿಯ ತನಕ ಎಳೆದವು.

“ನೋಡ್ರಿ, ಹಿಂಗ ಎಳದ್ರ—” ಎಂದರು. ಅಲ್ಲಿಗೆ ಮಾತು ನಿಂತಿತು. ಅವರ ಕಣ್ಣ ಮೇಲ್ಗಡೆ, ಬಿಲ್ಲಿನ ಮೇಲಿನ ತುದಿಯಲ್ಲಿ, ಅವರದೇ ದುಂಡು ಅಕ್ಷರದಲ್ಲಿ, ತಲೆಕೆಳಗಾಗಿ, “ಕೆಳಗೆ” ಎಂದು ಬರೆದಿತ್ತು.

“ಅಳಿಯಂದ್ರ” ಎಂದರು ಮಚ್ಚೇಂದ್ರಪ್ಪನವರು ಬಹಳ ಮೆತ್ತಗೆ, “ಬಿಡಬ್ಯಾಡ್ರಿ. ಹಂಗ ನಿಂದರ್ರಿ. ಎಲ್ಲಾರೂ ಜರಾ ನೋಡ್ಲಿ. ಈ ಎಡಗೈ ನಮ್ಮ ಮನಿತನದ್ದು ಅಂತ ಐದಾರು ವರ್ಷದಿಂದ ಕಾಗದ ಬರ್ಯಾಕತ್ತೀರಲ್ಲ?”

ಮಾಸ್ತರರು ನಿಂತೇ ಇದ್ದರು. ಅವರಿಗೆ ಒಂದು ಕಂಬ ನೆನಪಾಗಿತ್ತು. ಐದು ವರ್ಷದವರಿದ್ದಾಗ ಅವರ ಅಪ್ಪ, ಅವರೂ ಮಾಸ್ತರರೇ, ಧೋತರದ ಅಂಚಿನಿಂದ ಅವರ ಒಂದು ಕೈಯನ್ನು ಪಡಸಾಲೆಯ ಕಂಬಕ್ಕೆ ಕಟ್ಟಿ ಇನ್ನೊಂದು ಕೈಗೆ ಬಳಪ ಕೊಟ್ಟಿದ್ದರು. ಕಂಬ ಹೇಗಿತ್ತು, ಅದರ ಮೇಲೆ ಎಷ್ಟು ಗೆರೆ ಇದ್ದವು ಎಂಬುದೆಲ್ಲ ಅವರಿಗೆ ಯಾವಾಗಲೂ ನೆನಪಿತ್ತು. ಕಟ್ಟಿದ್ದು ಯಾವ ಕೈ ಎಂಬುದನ್ನು ಮಾತ್ರ ಅವರು ಯಾವಾಗಲೋ ಮರೆತುಬಿಟ್ಟಿದ್ದರು.

ಯಶೋದಾ ಹತ್ತಿರ ಬಂದು, ಅಪ್ಪನ ಕೈಯಿಂದ ಬಿಲ್ಲನ್ನು ಹಾಗೆಯೇ, “ಕೆಳಗೆ” ಮೇಲಾಗಿ, ತೆಗೆದುಕೊಂಡಳು. ಗೂಟ ನಟ್ಟನಡುವೆ ಇತ್ತು, ಕೂದಲೆಳೆ ಆಚೆಗಿಲ್ಲ, ಈಚೆಗಿಲ್ಲ. ಆದ್ದರಿಂದ ಬಿಲ್ಲಿಗೆ ತಾನು ತಲೆಕೆಳಗಾದದ್ದು ಗೊತ್ತೇ ಆಗಲಿಲ್ಲ. ಅವಳು ಎಡಗೈಯಿಂದ ಎಳೆದು, ಉಸಿರು ಹಿಡಿದು, ಬಿಟ್ಟಳು. ಪೀರ್ ಪಾಷಾನ ತಂತಿ ಕಲ್ಯಾಣಿಯ ಅಂಗಳದಲ್ಲಿ ಹಾಡುವಂತೆಯೇ ಒಮ್ಮೆ ಹಾಡಿತು.

ಕುಂಬಳಕಾಯಿ ಗಿರ್ರನೆ ತಿರುಗಿತು. ಬಾಣ ಅದರ ಹೊಟ್ಟೆಯಲ್ಲಿತ್ತು.

ಸೋದರಮಾವ ಅಂಬಾದಾಸ ಯಶೋದಾಳನ್ನು ಹೆಗಲ ಮೇಲೆ ಎತ್ತಿಕೊಂಡು ಅಂಗಳ ಸುತ್ತಿದ. ಮಚ್ಚೇಂದ್ರಪ್ಪನವರು ಕಟ್ಟೆಯಿಂದ ಇಳಿದು, ರುಮಾಲು ಸರಿಮಾಡಿಕೊಂಡು, ಗರಡಿಯ ಪಟ್ಟಿಯಲ್ಲಿ ಮೊಮ್ಮಗಳ ಹೆಸರು ಬರೆಸಿದರು. ಆಮೇಲೆ ಅಳಿಯನ ಮುಂದೆ ಹೋಳಿಗೆಯ ತಟ್ಟೆ ಇಟ್ಟು, “ಯಾವ ಕೈಲೆ ಉಣ್ಣತೀರಿ?” ಎಂದು ಕೇಳಿದರು. (ಆ ದಿನ ಅವರು ಅದನ್ನು ಏಳು ಸಲ ಕೇಳಿದರು. ಮಾಸ್ತರರು ಎಣಿಸಿದ್ದರು.)

ಮರುದಿನ ಕಲ್ಯಾಣಿಗೆ ಬಂದು ಮಾಸ್ತರರು ಕೋಟು ಬಿಚ್ಚುವಷ್ಟರಲ್ಲಿ ಯಶೋದಾ ಹಾಳೆ, ಮಸಿಕುಡಿಕೆ, ಟಾಕು ತಂದು ಮುಂದಿಟ್ಟಳು.

“ಏನಿದು?”

“ಒಂದು ಪುಟ ಅಪ್ಪಾ. ಎಡಗೈ ಕಂಡ್ರ ಒಂದು ಪುಟ. ಎಲ್ಲಾರೂ ಕಂಡಾರ.”

“ಅದು... ಅದು ಪ್ರಯೋಗ ಇತ್ತು.”

“ಕಾನೂನದಾಗ ಪ್ರಯೋಗದ ಮಾತಿಲ್ಲ” ಎಂದಳು ಮುಕ್ತಾಬಾಯಿ ಒಳಗಿನಿಂದ.

ಮಾಸ್ತರರು ತಾವೇ ಮಾಡಿದ ಕಾನೂನಿಗೆ ತಲೆಬಾಗದವರಲ್ಲ. ಕುಳಿತು ಬರೆಯತೊಡಗಿದರು. ಎರಡು ಸಾಲಾದ ಮೇಲೆ ಮಗಳು ಆಟಕ್ಕೆ ಹೋದಳು. ಮಾಸ್ತರರು ಅತ್ತ ಇತ್ತ ನೋಡಿ, ಟಾಕನ್ನು ಇನ್ನೊಂದು ಕೈಗೆ ತೆಗೆದುಕೊಂಡರು. ಮೊದಲ ಅಕ್ಷರ ಸೊಟ್ಟಗೆ ಬಂತು. ಎರಡನೆಯದು ನೆಟ್ಟಗಾಯಿತು. ಐದನೆಯ ಸಾಲಿಗೆ ಬರುವಾಗ ಅವರು ಸುತ್ತಲಿನ ಪರಿವೆಯನ್ನೇ ಮರೆತಿದ್ದರು.

“ಅಕ್ಷರ ಚೆಂದ ಬಂದಾವಲ್ರಿ” ಎಂದಿತು ಬೆನ್ನ ಹಿಂದಿನಿಂದ ಒಂದು ದನಿ.

ಮಾಸ್ತರರು ಬೆಚ್ಚಿ ಎಡಗೈಯನ್ನು ಜೇಬಿಗೆ ತುರುಕಲು ಹೋದರು. ಮೈಮೇಲೆ ಕೋಟಿರಲಿಲ್ಲ. ಮುಕ್ತಾಬಾಯಿ ಹಾಳೆ ಎತ್ತಿ ಹಿಡಿದು, ಎಡಗೈಯಿಂದ ಮುತ್ತಿನಂತೆ ಬರೆದ ಮೂರು ಸಾಲನ್ನು ಗಟ್ಟಿಯಾಗಿ, ಪಕ್ಕದ ಮನೆಯ ಹಜಿರಾ ಬೀಗೂ ಕೇಳುವಂತೆ ಓದಿದಳು: “ನಾನು ಬಲಗೈಯಿಂದಲೇ ಬರೆಯುತ್ತೇನೆ. ನಾನು ಬಲಗೈಯಿಂದಲೇ ಬರೆಯುತ್ತೇನೆ. ನಾನು ಬಲಗೈಯಿಂದಲೇ—”

ಆಮೇಲೆ ಹಾಳೆಯನ್ನು ಗಂಡನ ಮುಂದೆ ಇಟ್ಟು, “ಇದು ಸುಳ್ಳಾತು” ಎಂದಳು. “ಸುಳ್ಳು ಬರದ್ರ ಎಷ್ಟು ಪುಟಾರೀ?”